ಸಾಮಾನಿನ ವ್ಯಾನು

ಬೆಳಿಗ್ಗೆ ಒಂಬತ್ತಕ್ಕೆ ಅವರು ಹೊರಡುತ್ತಾರೆ, ನಡೆದು.
ಅವರ ಪೆಟ್ಟಿಗೆಗಳು ಒಂಬತ್ತೂಕಾಲಿಗೆ, ನನ್ನ ವ್ಯಾನಿನಲ್ಲಿ.
ಅವರಿಗೆ ಒಂದಿಡೀ ಹಗಲು; ನನಗೆ ಇಪ್ಪತ್ತು ನಿಮಿಷ,
ಕುರಿ ಅಡ್ಡ ಬಂದರೆ ಇನ್ನೈದು.

ನಾನು ತೆಗ್ವಿನ್. ವೇಲ್ಸ್ ತನ್ನ ತೋಳನ್ನು ಕಡಲಿಗೆ ಚಾಚಿ
ಬೆರಳು ನೆನೆಸುವ ಈ ತುದಿಯಲ್ಲೇ ಹುಟ್ಟಿದವನು.
ಅಪ್ಪ ಈ ಬಂಡೆದಾರಿಯಲ್ಲಿ ನಲವತ್ತು ವರ್ಷ
ಏಡಿಬುಟ್ಟಿ ಹೊತ್ತ.
ದುಡ್ಡು ಕೊಟ್ಟು ಜನ ಇಲ್ಲಿ ನಡೆಯುತ್ತಾರೆ ಎಂದಿದ್ದರೆ
ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.
ನೀನ್ಯಾಕೆ ನಡೆಯಲ್ಲ ಎಂದು ಬಂದವರು ಕೇಳಿದರೆ
ಮೊಣಕಾಲು ಎನ್ನುತ್ತೇನೆ.
ಮೊಣಕಾಲಿಗೆ ಏನೂ ಆಗಿಲ್ಲ.

ಪೆಟ್ಟಿಗೆ ಎತ್ತಿದರೆ ಸಾಕು, ಆಳು ತಿಳಿಯುತ್ತದೆ.
ಇದು ಹೊಸ ಮದುವೆ. ಇದು ಓದದೆ ಹೊತ್ತು ತಂದ ಪುಸ್ತಕ.
ಇದು ಮಾತ್ರೆಗಳು, ಗಿಲಕಿಯ ಹಾಗೆ.
ಮೇ ತಿಂಗಳಲ್ಲಿ ಬಂದ ಮಿಸೆಸ್ ಪಾಸ್ಕೋ
ಒಂಟಿ, ಎಪ್ಪತ್ತರ ಹತ್ತಿರ, ಐದು ದಿನದ ನಡಿಗೆ.
ನೀಲಿ ಪೆಟ್ಟಿಗೆ, ಒಂದು ಚಕ್ರ ಕುಂಟು.
ಸೋಮವಾರ ಅದು ಹೂವು.
ಬುಧವಾರ ಹಸುಗೂಸು.
ಗುರುವಾರ ಹೋಟೆಲಿನ ಮೆಟ್ಟಿಲಲ್ಲಿ ನನ್ನ ಸೊಂಟ ಕಟಕ್ಕೆಂದಿತು.
ಏನಮ್ಮಾ ತುಂಬಿದ್ದೀರಿ? ಎಂದೆ.
ಕಲ್ಲು, ಎಂದಳು, ಉಪ್ಪು ಅಂದಷ್ಟು ಸಲೀಸಾಗಿ.

ಅವಳ ಅಕ್ಕ ವಿನಿಫ್ರೆಡ್‌ಗೆ ಕಣ್ಣು ಹೋಗಿದೆ.
ಇಪ್ಪತ್ತರ ಹರೆಯದಲ್ಲಿ ಇಬ್ಬರೂ ಈ ದಾರಿ ನಡೆದಿದ್ದರಂತೆ,
ಒಂದೇ ರೇನ್‌ಕೋಟು, ಮಳೆ ಬಂದಾಗ ಸರದಿ.
ಪ್ರತಿ ದಂಡೆಯಿಂದ ಒಂದೊಂದು ಕಲ್ಲು;
ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಜೋಡಿಸಿದರೆ
ಅಕ್ಕ ಬೆರಳಲ್ಲಿ ನಡೆಯುತ್ತಾಳೆ, ಕೂತಲ್ಲೇ,
ಇಳಿಜಾರು, ಬೇಲಿ, ಏರು, ಗಾಳಿ.

ಆದರೆ ನನ್ನ ತಿರುವುಗಳಲ್ಲಿ ಸಾಲು ಕಲಸಿಹೋಗಿತ್ತು.
ಬಾರಿನ ಮೇಜಿನ ಮೇಲೆ ಎಲ್ಲ ಸುರಿದಳು.
ಮೆರೆರಿಡ್ ಗ್ಲಾಸುಗಳನ್ನು ಸರಿಸಿ ದೀಪ ತಂದಳು.
ನೀನು ಇಲ್ಲಿಯವನಲ್ಲವೇ? ಹೇಳು, ಯಾವುದು ಎಲ್ಲಿಯದು.

ಕೆಂಪು ನನಗೆ ಗೊತ್ತು, ಅಪ್ಪ ದೋಣಿಯಲ್ಲಿ ಇಟ್ಟಿರುತ್ತಿದ್ದ.
ಹಸಿರು ಗೆರೆಯದೂ ಗೊತ್ತು, ಶಾಲೆಯಲ್ಲಿ ಹೊಡೆದಾಡಿದ್ದು.
ಒಂದು ಉಳಿಯಿತು. ಬೂದು, ನಡುವೆ ಬಿಳಿ ನೂಲು,
ಕೋಳಿಮೊಟ್ಟೆಯ ಅಳತೆ.
ಇಬ್ಬರೂ ನನ್ನ ಮುಖ ನೋಡುತ್ತಿದ್ದರು.
ಪೋರ್ತ್ ಬ್ರಾನ್, ಎಂದೆ.
ಪೆನ್ಸಿಲಿನಲ್ಲಿ ಕಲ್ಲಿನ ಹೊಟ್ಟೆಗೆ ಬರೆದುಕೊಂಡಳು.
ಅಕ್ಷರ ಕೇಳಿದಳು; ಅದನ್ನೂ ಹೇಳಿದೆ.

ಭಾನುವಾರ ವ್ಯಾನು ಚರ್ಚಿನ ಗೋಡೆಗೆ ನಿಲ್ಲಿಸಿ
ನಡೆದೆ. ಯಾರಿಗೂ ಹೇಳಲಿಲ್ಲ.
ದಾರಿ ಇಷ್ಟು ಇಕ್ಕಟ್ಟೆಂದು ಮರೆತಿದ್ದೆ,
ಒಂದು ಕಡೆ ಮುಳ್ಳಿನ ಹಳದಿ ಹೂ, ಇನ್ನೊಂದು ಕಡೆ ಏನೂ ಇಲ್ಲ.
ಬುಟ್ಟಿ ಹೊತ್ತು ಇಲ್ಲಿ ಹೇಗೆ ತಿರುಗುತ್ತಿದ್ದ?
ಕೆಳಗೆ ಒಂದು ಸೀಲು ತಲೆ ಎತ್ತಿ
ಸಾಲ ಕೊಟ್ಟವರ ಹಾಗೆ ನೋಡಿತು.

ಪೋರ್ತ್ ಬ್ರಾನ್‌ನಲ್ಲಿ ಎಲ್ಲ ಕರಿಕಲ್ಲು.
ಗಂಟೆ ಹುಡುಕಿದೆ. ಒಂದೂ ಬೂದು ಇಲ್ಲ.
ಮುಂದಿನ ದಂಡೆಯಲ್ಲಿ ಬರೀ ಬೂದು, ರಾಶಿ ರಾಶಿ.
ಬಿಳಿ ನೂಲಿನದೊಂದು ಆರಿಸಿ, ಜೇಬಲ್ಲಿ ಹೊತ್ತು,
ಹಿಂದಕ್ಕೆ ಎರಡು ಮೈಲಿ ನಡೆದು
ಕಪ್ಪಿನ ನಡುವೆ ಇಟ್ಟು ಬಂದೆ,
ನೀರು ಮುಟ್ಟದಷ್ಟು ಮೇಲೆ.

ಸೋಮವಾರ ಯಾರೋ ಕೇಳಿದರು.
ಮೊಣಕಾಲು ಎಂದೆ.
ನಿಜಕ್ಕೂ ನೋಯುತ್ತಿತ್ತು.