ಓದಲಷ್ಟೇ ಅನುಮತಿ

ಕ್ಲಾಕ್ಸ್‌ವೀಕಿನಲ್ಲಿ ರಾತ್ರಿ ಎರಡು ಗಂಟೆ.
ಮೀನಿನ ಕಾರ್ಖಾನೆಯ ಮೇಲಂತಸ್ತು,
ಹೀಟರಿನ ಪಕ್ಕ ಒದ್ದೆ ಕಾಲುಚೀಲ.
ನಾನು ಸುನ್ವಾ. ಕೆಲಸ ಇಷ್ಟೇ:
ದ್ವೀಪದಿಂದ ದ್ವೀಪಕ್ಕೆ ಹೋಗದೆಯೇ ಹೋಗಿ
ಪ್ರತಿ ರೌಟರಿನ ಕದ ತಟ್ಟಿ ಕೇಳುವುದು,
ನಿನಗೆ ಏನೇನು ಕಟ್ಟಳೆ ಹಾಕಿದ್ದಾರೆ, ಹೇಳು.

ಮುಟ್ಟುವ ಹಾಗಿಲ್ಲ. ನನಗೆ ಕೊಟ್ಟ ಗುಟ್ಟಿನ ಪದಕ್ಕೆ
ಓದಲಷ್ಟೇ ಅನುಮತಿ.
ಸೋಮವಾರ ಹಳೆಯವನ್ನೆಲ್ಲ ಕಿತ್ತು ಹೊಸವನ್ನು ಕೂರಿಸುತ್ತಾರೆ.
ನನ್ನ ಪಟ್ಟಿಯಲ್ಲಿ ಇದ್ದದ್ದು ಉಳಿಯುತ್ತದೆ,
ಇಲ್ಲದ್ದು ಇರಲೇ ಇಲ್ಲ.

ಒಂದು ಕೇಳಿದರೆ ಒಂದು ಹೇಳುತ್ತವೆ.
"ಮುಂದಿನದು?" ಎಂದರೆ ಮುಂದಿನದು.
"ಮುಂದಿನದು?"
ಅಂಕಿ ಚುಕ್ಕಿ ಅಂಕಿ ಚುಕ್ಕಿ, ಕೊಂಬೆಯಿಂದ ಕೊಂಬೆಗೆ
ಇಡೀ ಮರ ಹತ್ತಿ ಇಳಿದ ಮೇಲೆ
"ಇಲ್ಲಿಗೆ ಮುಗಿಯಿತು" ಅನ್ನುತ್ತವೆ,
ಕಟಕಟೆಯಿಂದ ಇಳಿದ ಸಾಕ್ಷಿಗಳ ಹಾಗೆ.
ಸುಳ್ಳು ಹೇಳುವುದಿಲ್ಲ. ಯಾಕೆ ಅಂತಲೂ ಹೇಳುವುದಿಲ್ಲ.

ಆಸ್ಪತ್ರೆ: ಎಕ್ಸ್‌ರೇ ಮೊದಲು, ಸಿನಿಮಾ ಕೊನೆಗೆ.
ಶಾಲೆ: ಒಂಬತ್ತರಿಂದ ಮೂರರವರೆಗೆ ಆಟಗಳಿಲ್ಲ.
ಶೈತ್ಯಾಗಾರ: ತಾಪದ ಸುದ್ದಿಗೆ ಯಾರೂ ಅಡ್ಡ ಬರಕೂಡದು.
ಕಡತದಲ್ಲಿ ಬರೆದದ್ದೇ ಅವುಗಳ ಬಾಯಲ್ಲೂ.
ನಾನು ಆಕಳಿಸಿದೆ.

ನಲವತ್ತೊಂದನೆಯದು ಫುಗ್ಲೋಯ್.
ಮನುಷ್ಯರಿಗಿಂತ ಹಕ್ಕಿಗಳದೇ ಊರು.
ಹಳೇ ಡಬ್ಬ, ತಡೆದು ತಡೆದು ಉತ್ತರಿಸಿತು.
ಏಳನೆಯ ಸಾಲಿನಲ್ಲಿ ಕಡತಕ್ಕೆ ಗೊತ್ತಿಲ್ಲದ ಮಾತು:
ನಸುಕಿನ ನಾಲ್ಕರಿಂದ ನಾಲ್ಕೂ ಇಪ್ಪತ್ತರವರೆಗೆ
ಈ ಒಂದು ವಿಳಾಸ ಬಂದರೆ
ಉಳಿದದ್ದೆಲ್ಲ ಬದಿಗೆ ಸರಿಯಲಿ.
ಹಾಕಿದವರು: ಹಾನುಸ್.
ವಿವರಣೆ: ಖಾಲಿ.

ಹಾನುಸ್ ಮಣ್ಣಾಗಿ ಆರು ವರ್ಷ.
ಅವನ ಮಗ್ಗು ಇನ್ನೂ ನಮ್ಮ ಮೇಜಿನ ಮೇಲಿದೆ,
ಅದರಲ್ಲಿ ಪೆನ್ನು ಇಡುತ್ತೇವೆ.

ಹಳೇ ಕಸ ಎಂದು ಬಿಡುವವಳಿದ್ದೆ.
ಸುಮ್ಮನೆ ಎಣಿಕೆ ಕೇಳಿದೆ: ಈ ಸಾಲನ್ನು ಹಾದು ಹೋದದ್ದೆಷ್ಟು?
ಸೊನ್ನೆ ಬರುತ್ತದೆ ಎಂದುಕೊಂಡಿದ್ದೆ.
ಎಂಬತ್ತು ಲಕ್ಷದ ಚಿಲ್ಲರೆ.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಮತ್ತೆ ಕೇಳಿದೆ. ಅಷ್ಟೇ ಇತ್ತು.
ನಾಲ್ಕೂ ಐದಕ್ಕೆ ಅಂಕಿ ಓಡುತ್ತಿತ್ತು.
ಆ ಕಡೆ ಯಾರೋ ಮಾತಾಡುತ್ತಿದ್ದರು.

ಆರಕ್ಕೆ ಫೋನು ಮಾಡಿದೆ. ಎತ್ತಿದವಳು ಎಲ್ಸ್ಪಾ.
"ಕಿಟಕಿ ತೆಗೆದು ನೋಡ್ತೀನಿ ಮಗಳೇ, ಇಳಿದಾಣದ ಮೆಟ್ಟಿಲು
ಎಷ್ಟು ಮುಳುಗಿದೆ ಅಂತ. ನಾಲ್ಕಾದರೆ ದೋಣಿ ಬೇಡ ಅಂತೀನಿ.
ಅವರ ಹತ್ತಿರ ಯಂತ್ರದ ಲೆಕ್ಕವೂ ಇದೆ,
ಆದರೂ ನನ್ನನ್ನೇ ಕೇಳ್ತಾರೆ.
ಮೊದಲೆಲ್ಲ ಮಾತು ತುಂಡಾಗ್ತಿತ್ತು.
ಒಂದು ದಿನ 'ಬರಬೇಡಿ' ಅಂದದ್ದು
'ಬರ' ಅಂತಷ್ಟೇ ತಲುಪಿತು."

ಆಮೇಲೆ ಸ್ವಲ್ಪ ಹೊತ್ತು ಗಾಳಿಯದೇ ಸದ್ದು.

"ಆ ವಾರವೇ ಹಾನುಸ್ ಬಂದ. ಏನೋ ಮಾಡಿ ಹೋದ.
ಕಾಫಿ ಕೂಡ ಕುಡಿಯಲಿಲ್ಲ."

ಪಟ್ಟಿಗೆ ಒಂದು ಸಾಲು ಸೇರಿಸಿದೆ.
ವಿವರಣೆಯ ಜಾಗ ಇನ್ನೂರೈವತ್ತೈದು ಅಕ್ಷರ ಹಿಡಿಯುತ್ತದೆ.
ಮೆಟ್ಟಿಲುಗಳಿಂದ ಶುರು ಮಾಡಿದೆ.