ಮುನ್ನೂರ ಹದಿನೇಳು

ಮಂಗಳವಾರ ಪಾರ್ಸೆಲ್ ಬರುತ್ತದೆ.
ಗಾಂಧಿ ಬಜಾರಿನ ಗಲ್ಲಿ ಕೊನೆಗೆ, ಬಳೆ ಅಂಗಡಿ ದಾಟಿ,
ನಮ್ಮ ಪುಖರಾಜ್ ಸೇಟು ಕತ್ತರಿ ಹುಡುಕುವಷ್ಟರಲ್ಲಿ
ನಾನು ಹಲ್ಲಿನಿಂದಲೇ ಟೇಪು ಕಿತ್ತಿರುತ್ತೇನೆ.

'ಕಾಗದದ ಮೇಲೆ ಹಚ್ಚಿ ತೋರಿಸು, ಜಲಜಾಕ್ಷಿ,
ಬಾಟಲಿ ಸುಮ್ಮನೆ ಖಾಲಿ ಮಾಡಬೇಡ.'
ಕಾಗದ ಸುಳ್ಳು ಹೇಳುತ್ತದೆ ಸೇಟು.
ಕಾಗದಕ್ಕೆ ಪಾತ್ರೆ ತೊಳೆದು ಗೊತ್ತಿಲ್ಲ,
ಅದರ ಉಗುರಿನ ಬುಡದಲ್ಲಿ ಅರಿಶಿನ ಕೂತಿಲ್ಲ.

ಹೀಗಾಗಿ ಎಡಗೈಗೆ ಐದು, ಬಲಗೈಗೆ ಐದು.
ಎಡಗೈಯದು ಚೆಂದ. ಬಲಗೈಯದು
ಎಡಗೈಲಿ ಬರೆದ ಅಕ್ಷರ, ಗೆರೆ ದಾಟಿ ಚರ್ಮಕ್ಕೂ.
ಲಿಪ್‌ಸ್ಟಿಕ್ಕು ಮಣಿಕಟ್ಟಿನ ಒಳಗೆ, ನಾಡಿ ಹಿಡಿಯುವಲ್ಲಿ,
ಆರು ಗೀಟು.
ಫೌಂಡೇಶನ್ ದವಡೆಗೆ: ಐವರಿ, ಬೇಜ್, ನ್ಯಾಚುರಲ್.
ಮೂರೂ ನನ್ನ ಮೇಲೆ ಗೋಡೆಗೆ ತೇಪೆ ಹಾಕಿದ ಸುಣ್ಣ.
ನ್ಯಾಚುರಲ್ ಅಂತೆ.
ಯಾರ ನ್ಯಾಚುರಲ್ಲೋ, ಮಾರಾಯ್ತಿ,
ಅವರ ಊರಿಗೆ ಬಿಸಿಲಿಲ್ಲವೋ ಏನೋ.

ಕಾಲೇಜಿನ ಹುಡುಗಿಯರು ನನ್ನ ಕೈ ಹಿಡಿದು ಬಾಗಿಲಿಗೆ ಎಳೆಯುತ್ತಾರೆ,
'ಟ್ಯೂಬ್‌ಲೈಟಲ್ಲಿ ಎಲ್ಲ ಒಂದೇ ಥರ ಅಕ್ಕಾ.'
ಬಿಸಿಲಿಗೆ ಹಿಡಿದು, ಮುಚ್ಚಿ, ಬಿಡಿಸಿ,
ತಮ್ಮತಮ್ಮಲ್ಲೇ ಮಾತಿಗಿಳಿಯುತ್ತಾರೆ
ಕೈ ನನ್ನದೆಂಬುದು ಮರೆತು.

ಹೆಸರುಗಳದ್ದೇ ಕಷ್ಟ.
ಮೋವ್ ಎಂದರೆ ಯಾರೂ ತಿರುಗಿ ನೋಡುವುದಿಲ್ಲ.
ನೇರಳೆ ತಿಂದ ನಾಲಿಗೆ ಎಂದೆ, ಮಧ್ಯಾಹ್ನದೊಳಗೆ ಮೂರು ಹೋಯಿತು.
ನ್ಯೂಡ್ ಎಂದು ಶಾಲೆ ಟೀಚರ ಎದುರು ಹೇಗೆ ಹೇಳಲಿ,
ಅದು ಹಾಲು ಜಾಸ್ತಿಯಾದ ಚಹಾ.
ಮುರುಗಲು ಸಿಪ್ಪೆ. ಘಾಟಿಯ ಬೆಳಗಿನ ಏಳು ಗಂಟೆ, ಅದು ಬೂದು.
ರಸ್ಟ್ ಅನ್ನುವುದಕ್ಕೆ ಯೋಚಿಸಬೇಕಾಗಲೇ ಇಲ್ಲ,
ಈಗ ತಾವಾಗಿ ಬಂದು ಕೇಳುತ್ತಾರೆ,
'ಅಕ್ಕಾ, ಭದ್ರಾವತಿ ಇದೆಯಾ?'
ಅಲ್ಲಿನ ಕಬ್ಬಿಣದಲ್ಲಿ ಮೂವತ್ತು ವರ್ಷ ದುಡಿದ ನಮ್ಮಪ್ಪ ಇದ್ದಿದ್ದರೆ
ನಗುತ್ತಿದ್ದನೋ, ಎದ್ದು ಹೋಗುತ್ತಿದ್ದನೋ.

ಒಂದು ಕೆಂಪು ಮಾತ್ರ ಉಳಿದಿತ್ತು.
ಕುಂಕುಮ ಅನ್ನೋಣವೆಂದರೆ ಅದಲ್ಲ,
ಬ್ಯಾಡಗಿ ಮೆಣಸಿನ ಪುಡಿ, ಅದೂ ಅಲ್ಲ.
ಮುಚ್ಚಳದ ಮೇಲೆ ಬರೀ ನಂಬರು, ಮುನ್ನೂರ ಹದಿನೇಳು.

ಸಂಜೆ ಆರೂವರೆಗೆ ಮಾಚೇನಹಳ್ಳಿಯ ಗಾರ್ಮೆಂಟ್ಸ್ ಬಸ್ಸಿಳಿದು
ಶೈಲಶ್ರೀ ಬಂದಳು, ಕೂದಲಲ್ಲಿ ಬಿಳಿ ನೂಲಿನ ಎಳೆ.
ಕೈ ಮುಂದೆ ಚಾಚಲಿಲ್ಲ.
'ಕೈಗೆ ಬೇಡಕ್ಕ. ಲೈನಿನಲ್ಲಿ ದಿನಾ ಉಗುರು ನೋಡ್ತಾರೆ.
ಬಿಳಿ ಅಂಗಿ, ಹೊರದೇಶಕ್ಕೆ ಹೋಗೋದು,
ಒಂದು ಚುಕ್ಕೆ ತಾಗಿದರೆ ಇಡೀ ಬಂಡಲ್ಲು ವಾಪಸ್ಸು.'
ಚಪ್ಪಲಿ ಬಿಟ್ಟು ಸ್ಟೂಲಿನ ಮೇಲೆ ಕೂತು
'ಕಾಲಿಗೆ ಹಚ್ಚಿ ನೋಡಬಹುದಾ?' ಎಂದಳು, ಸೇಟು ಕಡೆ ನೋಡುತ್ತಾ.

ನಾನು ನೆಲಕ್ಕೆ ಕೂತದ್ದೇ ಕಾಲು ಹಿಂದಕ್ಕೆಳೆದುಕೊಂಡಳು.
'ಅಯ್ಯೋ, ದೊಡ್ಡವರು ನೀವು, ಮುಟ್ಟಬೇಡಿ.'
ಸುಮ್ಮನಿರೆ, ಅಲ್ಲಾಡಿದರೆ ಹರಡತ್ತೆ.
ಪಾದ ಪೆಡಲು ತುಳಿದು ತುಳಿದು ಒರಟು.
ಕಿರುಬೆರಳಿಗೆ ಉಗುರೇ ಇಲ್ಲ ಅನ್ನಬೇಕು, ಅಕ್ಕಿನುಚ್ಚಿನಷ್ಟು.
ಅದಕ್ಕೂ ಒಂದು ಚುಕ್ಕೆ ಇಟ್ಟೆ.
ಊದಲು ಬಾಗಿದಳು, ಉಸಿರು ಮುಟ್ಟಲಿಲ್ಲ, ಇಬ್ಬರೂ ನಕ್ಕೆವು.
ಫ್ಯಾನು ಇತ್ತ ತಿರುಗಿಸಿದೆ.

'ಇದಕ್ಕೇನಂತಾರೆ?'
ನೀನೇ ಹೇಳು.
ಕಾಲು ಅತ್ತ ಇತ್ತ ಹೊರಳಿಸಿ ನೋಡಿದಳು, ಆಮೇಲೆ
ಗೋಡೆಯ ಮೇಲಿನ ಸಹಕಾರಿ ಬ್ಯಾಂಕಿನ ಕ್ಯಾಲೆಂಡರನ್ನು.
'ಭಾನುವಾರ.'

ಸೇಟು ಬಿಲ್ಲಿಗೆ ಬರೆದದ್ದು ನಂಬರೇ. ತೊಂಬತ್ತೈದು ರೂಪಾಯಿ,
ಐದು ಬಿಟ್ಟ.
ಒದ್ದೆ ಉಗುರು ತಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು
ಸೀಗೆಹಟ್ಟಿ ಕಡೆ ಬರಿಗಾಲಲ್ಲೇ ನಡೆದಳು.

ಶಟರು ಎಳೆಯುವ ಮೊದಲು ಹತ್ತೂ ಉಗುರು ಒರೆಸಬೇಕು ನಾನು.
ಹತ್ತಿಯುಂಡೆಯಲ್ಲಿ ನೇರಳೆ, ಭದ್ರಾವತಿ, ಘಾಟಿ ಎಲ್ಲ ಕಲಸಿ
ಹೆಸರಿಡಲಾಗದ ಒಂದು ಕೆಸರು.
ರಿಮೂವರಿನ ವಾಸನೆ ಅನ್ನಕ್ಕೂ ಬರುತ್ತದೆ, ಮಗ ಮೂಗು ಮುಚ್ಚುತ್ತಾನೆ,
ಇರಲಿ.
ಬರುವ ಮಂಗಳವಾರ ಹೊಸ ಕಾಡಿಗೆಯಂತೆ,
ಅತ್ತರೂ ಅಳಿಸಿಹೋಗದಂಥದ್ದು.
ನೋಡಬೇಕು.
ಈರುಳ್ಳಿ ಹೆಚ್ಚಿ ಟೆಸ್ಟ್ ಮಾಡುತ್ತೇನೆ.