ಮೂವತ್ತೆರಡು ಮಣಿ

ಎಂಟುನೂರ ಎಂಬತ್ತು ಗ್ರಾಂ, ಎಂದು ಬರೆದಿದ್ದಾನೆ ಭಾವ.
ಹೆಸರಿಲ್ಲ ಇನ್ನೂ, ತೂಕ ಮಾತ್ರ.
ಸುರತ್ಕಲ್ಲಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ,
ಏಳು ತಿಂಗಳಿಗೇ ಅವಸರಪಟ್ಟು ಬಂದವಳು.

ಮುಹರಕ್ಕಿನ ಈ ಲಾಂಡ್ರಿಯಲ್ಲಿ ತಕ್ಕಡಿಯೊಂದಿದೆ,
ಹೋಟೆಲಿನ ಚಾದರಗಳನ್ನು ಕಿಲೋ ಲೆಕ್ಕದಲ್ಲಿ ತೂಗಲು.
ರಾತ್ರಿ ಶಟರ್ ಎಳೆದ ಮೇಲೆ
ಒಂದು ಬಿಳಿ ತೋಬು ಮಡಚಿ ಇಟ್ಟೆ. ಸಾಲಲಿಲ್ಲ.
ಮೇಲೊಂದು ಗುತ್ರಾ. ಸಾಲಲಿಲ್ಲ.
ಇನ್ನೊಂದು ಗುತ್ರಾ, ಎರಡು ಕರವಸ್ತ್ರ, ಒಂದು ಟೋಪಿ,
ಮುಳ್ಳು ಬಂದು ನಿಂತಿತು.
ಎತ್ತಿಕೊಂಡೆ.
ಇಷ್ಟೇನಾ?
ಇಸ್ತ್ರಿಪೆಟ್ಟಿಗೆಯೇ ಇದಕ್ಕಿಂತ ಭಾರ.
ಮೊಫಿಜ್ ನೋಡಿದ, ಕೇಳಲಿಲ್ಲ.
ಚಹಾದ ಲೋಟ ಪಕ್ಕಕ್ಕಿಟ್ಟು ಹೋದ.

ದೇವರ ಜೊತೆ ನಾನು ಠೂ ಬಿಟ್ಟು ಹನ್ನೊಂದು ವರ್ಷ.
ಕಾರಣ ದೊಡ್ಡದೇ; ಈಗ ಹೇಳುವುದಿಲ್ಲ.
ನನ್ನಜ್ಜ ನೇಮದ ರಾತ್ರಿ ದೀವಟಿಗೆ ಹಿಡಿದವರು,
ದೈವದ ಬಟ್ಟೆ ಒಗೆದು ಮಡಿ ಮಾಡಿದವರು.
ನಾವು ಮಡಿವಾಳರು. ಊರಿನ ಕೊಳೆಯೂ ಊರಿನ ಮಡಿಯೂ
ಒಂದೇ ಕಲ್ಲಿನ ಮೇಲೆ ನಮಗೆ.
ಆದರೆ ಬೇಡುವುದನ್ನು ಅಜ್ಜ ಕಲಿಸಲಿಲ್ಲ.
ಬೆಳಕು ಹಿಡಿ, ಅಲ್ಲಾಡಿಸಬೇಡ, ಅಂದರು.
ಅಷ್ಟೆ.

ಮಂಗಳವಾರ ಎಂಟುನೂರ ಅರವತ್ತು.
ಇಪ್ಪತ್ತು ಗ್ರಾಂ ಎಲ್ಲಿಗೆ ಹೋಯಿತು?
ಮೊದಮೊದಲು ಇಳಿಯುತ್ತದಂತೆ, ಡಾಕ್ಟರು ಅಂದರಂತೆ.
ಕಡಲಿನ ಈಚೆಗೆ ಬರುವುದೆಲ್ಲ ಅಂತೆಗಳೇ.
ರಜೆ ಕೇಳಿದೆ. ಪಾಸ್‌ಪೋರ್ಟು ಅರಬಾಬನ ಕಪಾಟಿನಲ್ಲಿ,
ಕಪಾಟಿನ ಕೀಲಿ ಅರಬಾಬನ ಬಳಿ,
ಅರಬಾಬ ಜಿದ್ದಾದಲ್ಲಿ.
ಗಂಟಿನಿಂದ ಒಂದು ಕರವಸ್ತ್ರ ತೆಗೆದೆ.

ಅವತ್ತೇ ಅಬು ಜಾಸಿಮನ ತೋಬಿನ ಜೇಬಿನಲ್ಲಿ ಸಿಕ್ಕಿದ್ದು
ಜಪಮಾಲೆ. ಹಳದಿ ಮಣಿಗಳು, ಬೆರಳ ಎಣ್ಣೆ ಕುಡಿದು ಮಂಕಾದವು.
ಮಷೀನು ಅಷ್ಟರಲ್ಲಿ ತಿರುಗಿ ಆಗಿತ್ತು.
ಎಣಿಸಿದೆ, ಮೂವತ್ತೆರಡು.
ಮತ್ತೆ ಎಣಿಸಿದೆ. ಮೂವತ್ತೆರಡೇ.
ಮೂವತ್ತಮೂರಿರಬೇಕು, ಎಂದ ಮೊಫಿಜ್, ಬಾಯೊಣಗಿ.

ಹಾಗೆ ನಾನು ಮಂಡಿಯೂರಿದೆ.
ಡ್ರಮ್ಮಿನೊಳಕ್ಕೆ ತಲೆ ಹಾಕಿ, ಮೊಬೈಲಿನ ಬೆಳಕು ಹಿಡಿದು,
ರಬ್ಬರಿನ ಮಡಿಕೆಯಲ್ಲಿ ಬೆರಳಾಡಿಸಿದೆ.
ಒಂದು ಗುಂಡಿ, ಐವತ್ತು ಫಿಲ್ಸ್, ಒದ್ದೆ ನೂಲಿನ ಗೂಡು.
ಸಿಗಲಿ, ಅಂದೆ.
ಒಂದೇ ಒಂದು, ಇಷ್ಟು ಚಿಕ್ಕದು,
ನಿನಗೆ ಯಾತಕ್ಕೆ, ಕೊಟ್ಟುಬಿಡು, ಅಂದೆ.
ಉಕ್ಕಿನ ಗುಮ್ಮಟ ನನ್ನ ದನಿಯನ್ನು ನನಗೇ ತಿರುಗಿಸಿತು:
ಕೊಟ್ಟುಬಿಡು ಕೊಟ್ಟುಬಿಡು ಕೊಟ್ಟುಬಿಡು.
ಮಣಿಯ ಮಾತು ಬಿಟ್ಟು ಬಹಳ ಹೊತ್ತಾಗಿದೆ ಎಂದು
ಆಮೇಲೆ ಗೊತ್ತಾಯಿತು.

ಸೋಪಿನ ನೀರು ಕಣ್ಣಿಗೆ ಹೋಯಿತು, ಎಂದೆ ಮೊಫಿಜನಿಗೆ.
ಅವನೂ ಇನ್ನೊಂದು ಮಷೀನಿನೊಳಗೆ ತಲೆ ಹಾಕಿ ಕೂತಿದ್ದ.
ಆ ತೋಬು ಹೋಗದೇ ಇದ್ದ ಮಷೀನು ಅದು.

ಗುರುವಾರ ಮುದುಕ ಬಂದ.
ನನ್ನ ಮುರುಕು ಅರಬಿಯಲ್ಲಿ, ಒಂದು ಕಳೆದುಹೋಯಿತು,
ಬೆಲೆ ಹೇಳಿ, ಎಂದೆ.
ಅವನು ದಾರ ಸರಿಸಿ ತೋರಿಸಿದ
ಮಣಿಯಿಲ್ಲದ ಒಂದು ಸಂದು.
ನೂರಾ ಹೋದ ವರ್ಷ ಬಿದ್ದದ್ದು, ಇಪ್ಪತ್ತಾರು ವರ್ಷವಾಯಿತು,
ಅಲ್ಲಿಗೆ ಬಂದಾಗ ದಾರವನ್ನೇ ಹಿಡಿದು ಹೇಳುತ್ತೇನೆ, ಎಂದ.
ನೂರಾ ಯಾರೆಂದು ನಾನು ಕೇಳಲಿಲ್ಲ.
ಕಾಲರಿಗೆ ಗಂಜಿ ಹೆಚ್ಚಾಗಿದೆ ಎಂದು ಗೊಣಗುತ್ತ
ತೋಬು ಹೆಗಲಿಗೆ ಹಾಕಿಕೊಂಡು ನಡೆದ.

ರಾತ್ರಿ ಎಂಟುನೂರ ಐವತ್ತೈದು.
ಎರಡು ಎಂ.ಎಲ್. ಹಾಲು ಇಳಿಸಿಕೊಂಡಳಂತೆ,
ವಾರಿಜಾಳದ್ದೇ ಹಾಲು.
ಐದು ಗ್ರಾಂ ಈ ತಕ್ಕಡಿಗೆ ತಿಳಿಯುವುದಿಲ್ಲ.
ನನಗೆ ತಿಳಿಯುತ್ತದೆ.

ಮಾಲೆ ಈಗ ನನ್ನಲ್ಲಿಲ್ಲ.
ಡ್ರಮ್ಮಿನಿಂದ ತೆಗೆದ ನೂಲಿನೆಳೆಯೊಂದು
ಹೇಗೋ ಜೇಬಿನಲ್ಲಿ ಉಳಿದಿತ್ತು, ಅದನ್ನೇ ಹಿಡಿದಿದ್ದೇನೆ.
ಅಜ್ಜಾ, ಬೆಳಕು ಹಿಡಿದೇ ಇದ್ದೇನೆ.
ಕೈ ಮಾತ್ರ ಅಲ್ಲಾಡುತ್ತಿದೆ.